ಹಾಡಿದವರು: ಅನಸುಬಾಯಿ, ಶಹಾಬಾದ್

ಮಹಾಪ್ರಬಂಧದ ಕರಡು ಮೂರನೆಯ ಸಲ ವಾಪಸು ಬಂದಾಗಲೂ ಪುಟಪುಟದ ಕೆಳಗೆ ಕೆಂಪು ಶಾಯಿಯ ಅದೇ ಎರಡು ಪದಗಳಿದ್ದವು: ಆಧಾರ ಎಲ್ಲಿ? ರಮೇಶಕುಮಾರ ಅದನ್ನು ಮಾರ್ಗದರ್ಶಕರ ಎದುರಿಗೇ ತಿರುವಿಹಾಕುತ್ತ ಕುಳಿತ. ಡಾ. ಕಾಶೀನಾಥರು ಬೈಯುವವರಲ್ಲ. ಬೈದಿದ್ದರೆ ಅವನಿಗೆ ಇಷ್ಟು ಹೆದರಿಕೆ ಆಗುತ್ತಲೂ ಇರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, ರೋಗಿಯ ಮನೆಯವರಿಗೆ ಡಾಕ್ಟರು ಹೇಳುವ ಹಾಗೆ ಮೆಲ್ಲಗೆ ಹೇಳಿದರು.

"ಹಾಡ ಛಲೋ ಅವಪಾ ರಮೇಶ. ಭಾಳ ಛಲೋ ಅವ. ಆದ್ರ ಯಾರ ಹಾಡಿದ್ರು, ಯಾವೂರಾಗ ಹಾಡಿದ್ರು, ಅವರ ವಯಸ್ಸೆಷ್ಟು, ಏನೂ ಇಲ್ಲ. ಅಡಿಟಿಪ್ಪಣಿ ಇಲ್ಲಂದ್ರ ಇದು ಪ್ರಬಂಧ ಅಲ್ಲ, ಹಾಡಿನ ಪುಸ್ತಕ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಅಂತ ತಲಿಬರಹ ಕೊಟ್ಟೀದಿ. ಐದೂ ಕಡಿ ಹಾಡಿದವ್ರ ಹೆಸರ ಬೇಕು. ದೀಪಾವಳಿ ಒಳಗ ತರಲಿಲ್ಲಂದ್ರ ನಿನ್ನ ನೋಂದಣಿ ರದ್ದಾಗ್ತದ. ಆಮ್ಯಾಲ ನನ್ನ ಕೈಲೂ ಏನೂ ಆಗಂಗಿಲ್ಲ."

"ತರ್ತೀನ್ರಿ ಸರ್," ಎಂದ ರಮೇಶಕುಮಾರ. ಆ ಹಾಡುಗಳನ್ನು ಯಾರೂ ಹಾಡಿರಲಿಲ್ಲ. ಎಲ್ಲವನ್ನೂ ಅವನೇ ಬರೆದಿದ್ದ.

ಅವನು ಚಿತ್ತಾಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂದು ಹೆಸರಿಟ್ಟು, ವರ್ಷವರ್ಷವೂ ಹೊರಗೆ ಕಳಿಸಿ, ಮನಸ್ಸಾದರೆ ಮತ್ತೆ ಒಳಗೆ ಕರೆಯುವ ಕೆಲಸ ಅದು. ಬರುವ ವರ್ಷದಿಂದ ಡಾಕ್ಟರೇಟ್ ಇಲ್ಲದವರನ್ನು ಕರೆಯುವುದಿಲ್ಲವಂತೆ ಎಂಬ ಸುದ್ದಿ ಸ್ಟಾಫ್ ರೂಮಿನಲ್ಲಿ ತಿರುಗಾಡುತ್ತಿತ್ತು. ಹೆಂಡತಿ ಸರಿತಾ ಆಗಲೇ ಓಣಿಯ ಹೆಂಗಸರ ಮುಂದೆ "ನಮ್ಮನಿಯವ್ರು ಡಾಕ್ಟರ್ ಆಗಾಕತ್ತಾರ, ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಪುಸ್ತಕದ ಡಾಕ್ಟರ್" ಎಂದು ಹೇಳಿಕೊಂಡು ಬಂದಿದ್ದಳು. ನೋಂದಣಿ ರದ್ದಾದರೆ ಕೆಲಸ ಹೋಗುತ್ತದೆ. ಹಾಡು ಸುಳ್ಳು ಎಂದು ಗೊತ್ತಾದರೆ ಕೆಲಸದ ಜೊತೆ ಮುಖವೂ ಹೋಗುತ್ತದೆ. ಯಾವುದು ದೊಡ್ಡ ಹೆದರಿಕೆ ಎಂದು ಅವನು ತೂಗಿ ನೋಡುತ್ತಿದ್ದ, ತೂಗಿದಷ್ಟೂ ಎರಡೂ ಭಾರವಾಗುತ್ತಿದ್ದವು.

ಹಾಗೆಂದು ಅವನು ಮೊದಲಿನಿಂದಲೇ ಕಳ್ಳನಾಗಿರಲಿಲ್ಲ. ನೋಂದಣಿಯಾದ ಹೊಸತರಲ್ಲಿ ಒಂದು ಚೀಲ, ಒಂದು ಫೋನು ಹಿಡಿದು ಕುಂಚಾವರಂ ಕಡೆಯ ಒಂದು ತಾಂಡಕ್ಕೆ ಹೋಗಿದ್ದ. ಬಾಗಿಲಲ್ಲಿ ತೊಟ್ಟಿಲು ತೂಗುತ್ತಿದ್ದ ಹೆಂಗಸೊಬ್ಬಳನ್ನು ಕಂಡು, "ಕೂಸು ಎಷ್ಟ ತಿಂಗಳದ್ದರಿ? ಮಲಗಿಸೋವಾಗ ಏನ ಹಾಡ್ತೀರಿ?" ಎಂದು ಕೇಳಿದ. ಆಕೆ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು. ಆ ವಾರ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ನೋಡುನೋಡುತ್ತಲೇ ಗಂಡಸರು ಸುತ್ತುವರಿದರು. ಒಬ್ಬ ತೆಲುಗಿನಲ್ಲಿ ಕೇಳಿದ, ಒಬ್ಬ ಕನ್ನಡದಲ್ಲಿ ಬೈದ, ಮತ್ತೊಬ್ಬ ಚೀಲ ಕಸಿದು ನೆಲಕ್ಕೆ ಸುರಿದ. ಕಾಲೇಜಿನ ಗುರುತಿನ ಚೀಟಿ ತೋರಿಸಿದರೆ ಅದನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಚಿಂಚೋಳಿ ಬಸ್ಸಿನ ಕಂಡಕ್ಟರ್ ಇಳಿದು ಬಂದು, "ಏ, ಬಿಡ್ರೋ, ಮಾಸ್ತರ ಅದಾನ" ಎಂದು ಹೇಳಿ ಬಸ್ಸಿಗೆ ಹತ್ತಿಸಿದ್ದರಿಂದ ಜೀವ ಉಳಿಯಿತು. ಅಂಗಿಯ ಎರಡು ಗುಂಡಿ ಅಲ್ಲೇ ಉಳಿದವು.

ಅಂದಿನಿಂದ ಗುರುತಿಲ್ಲದ ಊರಿನಲ್ಲಿ ನಾಲ್ಕು ಜನ ಒಟ್ಟಿಗೆ ನಿಂತದ್ದು ಕಂಡರೆ ಅವನು ಬಂದ ದಾರಿಯಲ್ಲೇ ತಿರುಗಿಬಿಡುತ್ತಿದ್ದ. ಭಾನುವಾರ ಕ್ಷೇತ್ರಕಾರ್ಯ ಎಂದು ಸರಿತಾಳಿಂದ ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದ. ವಾಡಿ ಜಂಕ್ಷನ್ನಿಗೆ ಹೋಗಿ ಪ್ಲಾಟ್‌ಫಾರಂ ಮೇಲೆ ಕೂರುತ್ತಿದ್ದ. ಅಲ್ಲಿ ಯಾರೂ ಯಾರನ್ನೂ ಯಾಕೆ ಕುಳಿತಿದ್ದೀ ಎಂದು ಕೇಳುವುದಿಲ್ಲ. ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಬೆರಳು ಒರೆಸಿಕೊಂಡು, ಬೀಸುವ ಹಾಡು, ಕುಟ್ಟುವ ಹಾಡು, ಜೋಗುಳಗಳನ್ನು ಬರೆಯುತ್ತಿದ್ದ. ಹುಡುಗನಾಗಿದ್ದಾಗ ಪತ್ರಿಕೆಗಳಿಗೆ ಕಳಿಸಿದ ಪದ್ಯಗಳೆಲ್ಲ ತಿರುಗಿ ಬಂದಿದ್ದವು. ಈಗ ಅದೇ ಕೈ ಬರೆದದ್ದನ್ನು ಕಾಶೀನಾಥರು ಛಲೋ ಅವ ಎನ್ನುತ್ತಿದ್ದರು. ಹೆದರಿಕೆಯ ಒಳಗೂ ಅವನಿಗೆ ಆ ಮಾತು ಹಿತವಾಗಿತ್ತು.

ಹಾಡಿಗೆ ಈಗ ಹಾಡಿದವರು ಬೇಕಾಗಿದ್ದರು, ಅಷ್ಟೇ. ಬದುಕಿದ್ದವರ ಹೆಸರು ಹಾಕಿದರೆ ಯಾರಾದರೂ ಹೋಗಿ ಕೇಳಬಹುದು. ಇಲ್ಲದವರ ಹೆಸರು ಕಟ್ಟಿದರೆ, ಆ ಊರಲ್ಲಿ ಅಂಥವರೇ ಇರಲಿಲ್ಲ ಎಂದು ಯಾರಾದರೂ ಹೇಳಬಹುದು. ಹೆದರಿದವನ ತಲೆ ಈ ಎರಡೂ ಬಾಗಿಲು ಮುಚ್ಚಿ ಮೂರನೆಯದನ್ನು ಹುಡುಕಿತು. ಇದ್ದು ಸತ್ತವರು ಬೇಕು. ಊರಲ್ಲಿ ಕೇಳಿದರೆ ಹೌದು, ಅಂಥವರಿದ್ದರು ಎನ್ನುತ್ತಾರೆ. ಅವರನ್ನೇ ಕೇಳೋಣವೆಂದರೆ ಅವರಿಲ್ಲ.

ಸತ್ತವರ ಹೆಸರಿಗೆ ಬರವಿರಲಿಲ್ಲ. ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗೆ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸುಗಳು ಒಂದರ ಮೇಲೊಂದು ತೂಗುತ್ತಿದ್ದವು. ಚಿತ್ತಾಪುರದ ಒಂದು ಸಮುದಾಯ ಭವನದಲ್ಲಿ ಮದುವೆ ಊಟ ಮಾಡುವಾಗ ಸಾರಿನ ಬಕೀಟಿನ ಮೇಲೆ, ನೀರಿನ ಕೊಳಗದ ಮೇಲೆ, ಯಾರ್ಯಾರದೋ ಸ್ಮರಣೆಗೆ ಮಕ್ಕಳು ಕೊಟ್ಟದ್ದೆಂದು ಹೆಸರು ಹೊಡೆಸಿತ್ತು. ಅವನು ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ ಅವನ್ನು ಬಾಯಿಪಾಠ ಮಾಡಿದ. ಎಲ್ಲಿಯೂ ಕಾಗದ ತೆಗೆಯಲಿಲ್ಲ, ಫೋಟೊ ಹೊಡೆಯಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಹೀಗೆ ಐದೂ ಕಡೆಯಿಂದ ಹೆಸರುಗಳು ಬಂದವು.

ಆಮೇಲೆ ಅವನು ಅಡಿಟಿಪ್ಪಣಿಗಳನ್ನು ಹೆಣೆದ. ಆ ಕೆಲಸದಲ್ಲಿ ಅವನಷ್ಟು ಶಿಸ್ತಿನ ವಿದ್ಯಾರ್ಥಿ ಇಡೀ ವಿಭಾಗದಲ್ಲಿರಲಿಲ್ಲ. ನಿಜವಾದ ಗ್ರಂಥಗಳನ್ನು ಉಲ್ಲೇಖಿಸುವಾಗ ಪುಟಸಂಖ್ಯೆ, ಮುದ್ರಣದ ವರ್ಷ, ಪ್ರಕಾಶಕರ ಊರು, ಒಂದೂ ತಪ್ಪದಂತೆ ಎರಡೆರಡು ಸಲ ತಾಳೆ ನೋಡಿದ. ಪರೀಕ್ಷಕರು ತೆಗೆದು ನೋಡುವುದು ಗ್ರಂಥಗಳನ್ನೇ. ಅಲ್ಲಿ ಎಲ್ಲ ಸರಿಯಿದ್ದರೆ ಮುದುಕಿಯರ ಹೆಸರಿನ ತಂಟೆಗೆ ಯಾರು ಹೋಗುತ್ತಾರೆ? ಪ್ರತಿ ಹೆಂಗಸಿಗೂ ವಯಸ್ಸು ಕೊಟ್ಟ. ಎಪ್ಪತ್ತು, ಎಂಬತ್ತು ಎಂದು ದುಂಡಗೆ ಕೊಡಲಿಲ್ಲ. ಭೇಟಿಯ ದಿನವನ್ನು ಸಾವಿಗಿಂತ ಕೆಲವು ತಿಂಗಳು ಹಿಂದಕ್ಕೆ ಹಾಕಿದ. ಅಲ್ಲಲ್ಲಿ 'ಮುಂದಿನ ಸಾಲು ವಕ್ತೃವಿಗೆ ನೆನಪಾಗಲಿಲ್ಲ' ಎಂದು ಬರೆದು, ತನ್ನದೇ ಒಳ್ಳೆಯ ಸಾಲುಗಳನ್ನು ಹೊಟ್ಟೆ ಉರಿದುಕೊಂಡು ಹೊಡೆದುಹಾಕಿದ. ಧ್ವನಿಮುದ್ರಣ ಏಕಿಲ್ಲ ಎಂಬುದಕ್ಕೂ ಪೀಠಿಕೆಯಲ್ಲೇ ಉತ್ತರವಿತ್ತು. ವಯಸ್ಸಾದ ಹೆಣ್ಣುಮಕ್ಕಳು ಫೋನು ಕಂಡರೆ ಬಾಯಿ ಮುಚ್ಚುತ್ತಿದ್ದರು, ಆದ್ದರಿಂದ ಕೈಬರಹದಲ್ಲೇ ಬರೆದುಕೊಳ್ಳಲಾಯಿತು. ಒಬ್ಬೊಬ್ಬರಿಗೆ ಎರಡು ಮೂರು ಹಾಡಿಗಿಂತ ಹೆಚ್ಚು ಕೊಡಬಾರದು ಎಂಬುದು ಅವನೇ ಮಾಡಿಕೊಂಡ ನಿಯಮ. ಯಾರೂ ಎದ್ದು ಕಾಣಬಾರದು.

ಆ ನಿಯಮವನ್ನು ಅವನು ಒಂದೇ ಸಲ ಮುರಿದ.

ಶಹಾಬಾದ್ ಹೊರಗೆ, ಕಲ್ಲಿನ ಖಣಿಗಳಿಗೆ ಹೋಗುವ ದಾರಿ ಒಡೆಯುವಲ್ಲಿ ಬಸ್ಸು ನಿಲ್ಲುವ ಒಂದು ಕಡೆಯಿದೆ. ಅಲ್ಲಿ ಎರಡು ದಪ್ಪ ಕಲ್ಲಿನ ಮೇಲೆ ಒಂದು ಉದ್ದನೆಯ ಹಾಸುಗಲ್ಲು ಇಟ್ಟು ಯಾರೋ ಕೂರಲು ಜಾಗ ಮಾಡಿದ್ದರು. ಕಲ್ಲಿನ ಅಂಚಿಗೆ ಉಳಿಯಿಂದ ಕೊರೆದಿತ್ತು: ದಿ. ಅನಸುಬಾಯಿ ಅಂಬಾರಾಯ ಇವರ ಸ್ಮರಣಾರ್ಥ. ಅದರ ಕೆಳಗೆ ತೀರಿಕೊಂಡ ದಿನ. ಅಕ್ಷರಗಳು ಒಂದೇ ಎತ್ತರದಲ್ಲಿರಲಿಲ್ಲ, ಆದರೆ ಆಳವಾಗಿದ್ದವು. ಸುಡುವ ಬಿಸಿಲಲ್ಲೂ ನೆರಳಿನಲ್ಲಿದ್ದ ಆ ಕಲ್ಲು ತಣ್ಣಗಿತ್ತು. ಬಸ್ಸು ತಡವಾಯಿತು. ಎದುರಿಗೆ ಹೆಂಗಸರು ತಲೆಯ ಮೇಲೆ ಸಿಂಬೆ ಇಟ್ಟು ಹಾಸುಗಲ್ಲು ಹೊತ್ತು ಲಾರಿಗೆ ಏರಿಸುತ್ತಿದ್ದರು. ಅವನು ಅಲ್ಲಿ ಕುಳಿತೇ ಅನಸುಬಾಯಿಯನ್ನು ಕಟ್ಟಿದ. ವಯಸ್ಸು ಎಂಬತ್ತೊಂದು. ಗಂಡ ಅಂಬಾರಾಯ. ಕಸುಬು ಖಣಿಯ ಕೂಲಿ. ನಿರಕ್ಷರಿ. ಉಳಿದವರು ಬರೀ ಹೆಸರಾಗಿದ್ದರು. ಈಕೆಗೆ ಮಾತ್ರ ಮುಖ ಬಂತು, ದನಿ ಬಂತು. ಚಿತ್ತಾಪುರ ಮುಟ್ಟುವಷ್ಟರಲ್ಲಿ ಒಂದು ತ್ರಿಪದಿಯೂ ಬಂತು.

ಕಲ್ಲ ಒಡಿಯುವ ಊರಾಗ ಕಲ್ಲಾದವು ಕೈಯೆರಡು
ಮಲ್ಲಿಗಿ ಮೊಗ್ಗಿನಂಥ ಮಗಳ ನೆತ್ತಿ – ಮುಟ್ಟಿದರ
ಬೆಲ್ಲದ್ಹಂಗ ಕರಗಿ ನೀರಾಗ್ಯಾವ

ತನ್ನ ಜೀವನದಲ್ಲೇ ಇದಕ್ಕಿಂತ ಒಳ್ಳೆಯ ಮೂರು ಸಾಲು ಬರೆದಿಲ್ಲ ಎಂದು ಅವನಿಗೆ ಗೊತ್ತಾಯಿತು. ಅದರ ಕೆಳಗೆ ತನ್ನ ಹೆಸರು ಹಾಕಿದ್ದರೆ ಯಾವ ಸಂಪಾದಕನೂ ಓದುತ್ತಿರಲಿಲ್ಲ. 'ಹಾಡಿದವರು: ಅನಸುಬಾಯಿ, ಶಹಾಬಾದ್' ಎಂದು ಬರೆದ. ಆಮೇಲೆ ಕೈ ತಡೆಯಲಿಲ್ಲ. ಆಕೆಯ ಹೆಸರಿನಲ್ಲಿ ಒಂದು ಅಧ್ಯಾಯಕ್ಕಾಗುವಷ್ಟು ಹಾಡು ಬಂದವು. ಪ್ರತಿ ಹಾಡಿನ ಕೆಳಗೂ ಅದೇ ಹೆಸರು ಬರೆಯುವಾಗ ಇದು ತಪ್ಪು, ಇದು ಎದ್ದು ಕಾಣುತ್ತದೆ ಎಂದು ತನಗೇ ಹೇಳಿಕೊಳ್ಳುತ್ತಿದ್ದ. ಆದರೂ ಬರೆದ.

ದೀಪಾವಳಿಗೆ ಮೊದಲೇ ಪ್ರಬಂಧ ಸಲ್ಲಿಕೆಯಾಯಿತು. ಮುಂದಿನ ದಿನಗಳಲ್ಲಿ ರಮೇಶಕುಮಾರನಿಗೆ ಫೋನು ರಿಂಗಾದರೆ ಸಾಕು, ಬಾಯಿ ಒಣಗುತ್ತಿತ್ತು. ಸರಿತಾ ನೀರು ತಂದುಕೊಟ್ಟು, "ಇಷ್ಟ್ಯಾಕ ಸೊರಗಾಕತ್ತೀರಿ? ಬರದದ್ದು ಖರೇ ಇದ್ದಮ್ಯಾಲ ಹೆದರಿಕಿ ಯಾಕ?" ಎಂದಳು. ಅವನು ಕುಡಿಯದೆ ಲೋಟ ಕೆಳಗಿಟ್ಟ. ಕನಸಿನಲ್ಲಿ ಮುದುಕಿಯರು ಸಾಲಾಗಿ ನಿಂತು ಬಕೀಟು ಬಡಿಯುತ್ತಿದ್ದರು.

ಕೊನೆಗೆ ಕಾಶೀನಾಥರ ಫೋನು ಬಂತು. ದನಿಯಲ್ಲಿ ಎಂದೂ ಇಲ್ಲದ ಉಮೇದು.

"ರಮೇಶ, ಹೊರಗಿನ ಪರೀಕ್ಷಕರು ಲುಂಬಿನಿ ಮೇಡಂ ಅಂತ, ಭಾಳ ಕಡಕ್ ಹೆಣಮಗಳು. ಅವರ ವರದಿ ಬಂದದ. ಅನಸುಬಾಯಿ ಹಾಡ ಓದಿ ಆ ಮೇಡಂ ಕಣ್ಣೀರ ಹಾಕ್ಯಾರ. ಇವು ಬ್ಯಾರೆ ಪುಸ್ತಕ ಆಗಬೇಕು ಅಂತ ಬರದಾರ. ಮನಿಯವ್ರು ಯಾರರೆ ಇದ್ರ ವೈವಾ ದಿವ್ಸ ಕರಸ್ರಿ, ಅವರ ಮುಂದ ಆ ಹಾಡ ಓದಬೇಕು ಅಂದಾರ."

ರಮೇಶಕುಮಾರ ಗೋಡೆ ಹಿಡಿದುಕೊಂಡ. "ಸರ್, ಅವರು ತೀರಿಕೊಂಡಾರಲ್ರಿ. ಮನಿಯವ್ರು ಎಲ್ಲಿ ಅದಾರೋ ಏನೋ..."

"ಅದರ ಚಿಂತಿ ನೀ ಮಾಡಬ್ಯಾಡ. ನನ್ನ ಹಳೀ ವಿದ್ಯಾರ್ಥಿ ಹಾಜಿಮಲಂಗ್ ಶಹಾಬಾದ್ ಸಾಲ್ಯಾಗ ಮಾಸ್ತರ ಅದಾನ. ಖಣಿ ಕಡಿ ಹೇಳಿಕಳಿಸಿದ್ದ, ಸಿಕ್ಕಾರ. ಅನಸುಬಾಯಿ ಹೆಸರ ಪುಸ್ತಕದಾಗ ಬಂದದ, ಫೋಟೊ ಇದ್ರ ತಗೊಂಡ ಬರ್ರಿ ಅಂತ ಹೇಳಿಸ್ಯಾನ. ಬರ್ತೀವಿ ಅಂದಾರಂತ."

ಅವನು ಫೋನು ಕೆಳಗಿಟ್ಟ. ಮೊದಲು ಬಂದ ಯೋಚನೆ ಓಡಿಹೋಗುವುದು. ಎರಡನೆಯದು, ತಾನೇ ಮುಂದಾಗಿ ಶಹಾಬಾದಿಗೆ ಹೋಗಿ ಆ ಮನೆಯವರನ್ನು ಕಂಡು, ಮಾತು ಹೊಂದಿಸಿಕೊಂಡು ಬರುವುದು. ಮರುದಿನವೇ ಹೊರಟ. ಆ ಹಾಸುಗಲ್ಲಿನ ಹತ್ತಿರ ಬಸ್ಸಿಳಿದು ಖಣಿಯ ದಾರಿ ಹಿಡಿದ. ತಗಡಿನ ಮನೆಗಳ ಸಾಲು ಕಂಡಿತು. ಮನೆಗಳ ಮುಂದೆ ಗಂಡಸರು ಗುಂಪಾಗಿ ನಿಂತಿದ್ದರು, ಬಾಗಿಲಲ್ಲಿ ಒಬ್ಬಳು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಗುಂಪಿನಲ್ಲಿ ಒಬ್ಬ ಇವನ ಕಡೆ ತಿರುಗಿ, "ಯಾರ ಬೇಕ್ರಿ?" ಎಂದ. ಕೇಳಿದ್ದು ಮರ್ಯಾದೆಯಿಂದಲೇ. ಆದರೆ ರಮೇಶಕುಮಾರನಿಗೆ ಕುಂಚಾವರಂ ಕಣ್ಣಮುಂದೆ ಬಂತು. "ಯಾರೂ ಇಲ್ರಿ, ದಾರಿ ತಪ್ಪೀನಿ," ಎಂದವನೇ ತಿರುಗಿ ಬಂದ.

ಮನೆಗೆ ಬಂದು ಕುಳಿತು ಯೋಚಿಸಿದ. ಯೋಚಿಸಿದಷ್ಟೂ ಧೈರ್ಯದಂಥದ್ದು ಒಂದು ಬರತೊಡಗಿತು. ಬರುವವರು ಮಗನೋ ಸೊಸೆಯೋ ಇರಬೇಕು. ನಿಮ್ಮವ್ವ ಚೆನ್ನಾಗಿ ಹಾಡುತ್ತಿದ್ದಳು ಎಂದು ದೊಡ್ಡವರು ಶಾಲು ಹೊದಿಸುವಾಗ, ಇಲ್ಲ, ನಮ್ಮವ್ವ ಹಾಡುತ್ತಿರಲಿಲ್ಲ ಎನ್ನುವ ಮಗ ಈ ನಾಡಿನಲ್ಲಿ ಇದ್ದಾನೆಯೇ? ಯಾವ ಮುದುಕಿ ಹಾಡಿಲ್ಲ? ಬೀಸುಕಲ್ಲಿನ ಮುಂದೆ ಕೂತವರೆಲ್ಲ ಹಾಡಿದವರೇ. ಸೊಸೆ ಅತ್ತೆಯ ಹಾಡು ಕಿವಿಗೊಟ್ಟು ಕೇಳಿರುವುದಿಲ್ಲ, ಆದರೂ ನಾಲ್ಕು ಜನರ ಮುಂದೆ ಹೌದೌದು ಎನ್ನುತ್ತಾಳೆ. ಒಂದೇ ಒಂದು ಗಂಡಾಂತರವಿತ್ತು. ಈ ಮನುಷ್ಯ ನಮ್ಮ ಮನೆಗೆ ಬಂದೇ ಇಲ್ಲ ಎಂದುಬಿಟ್ಟರೆ?

ಅದಕ್ಕೂ ದಾರಿ ಸಿಕ್ಕಿತು. ಭೇಟಿಯನ್ನು ಮನೆಯಿಂದ ಖಣಿಗೆ ಸಾಗಿಸಬೇಕು. ಮನೆಯವರು ದುಡಿಯುವ ಹೊತ್ತಿನಲ್ಲಿ, ಅವರ ಕಣ್ಣಿಗೆ ಬೀಳದಂತೆ ಆಕೆಯನ್ನು ಕಂಡೆ ಎನ್ನಬೇಕು. ಎಂಬತ್ತೊಂದರ ಮುದುಕಿ ಖಣಿಯಲ್ಲೇಕೆ ಇದ್ದಳು? ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಅದಕ್ಕೆ ಎತ್ತಿಕೊಂಡು ಬಂದು ನೆರಳಲ್ಲಿ ಮಲಗಿಸುತ್ತಿದ್ದರು. ಖಣಿಯ ಹತ್ತಿರ ಬೇವಿನ ಗಿಡ ಇದ್ದೇ ಇರುತ್ತದೆ. ನಡೆಯಲಾಗದವಳು, ಹಲ್ಲಿಲ್ಲದವಳು. ಅಷ್ಟು ವಯಸ್ಸಾದವರೆಲ್ಲ ಹೀಗೆಯೇ. ಸಾವಿಗೆ ಕೆಲವೇ ತಿಂಗಳಿದ್ದಾಗ ಹೀಗಿರಲಿಲ್ಲ ಎಂದು ಯಾರು ಅಂದಾರು? ಕನ್ನಡಿಯ ಮುಂದೆ ನಿಂತು, ದನಿ ನಡುಗದೆ ಬರುವ ತನಕ ಇದನ್ನು ಹೇಳಿ ಅಭ್ಯಾಸ ಮಾಡಿದ.

ವೈವಾ ದಿನ ವಿಭಾಗದ ಸಭಾಂಗಣ ತುಂಬಿತ್ತು. ಕಾಶೀನಾಥರು ಮಲ್ಲಿಗೆ ಹಾರ, ಶಾಲು, ಫೋಟೊ ಇಡಲು ಬಿಳಿ ಬಟ್ಟೆ ಹಾಸಿದ ಮೇಜು, ಎಲ್ಲ ಸಿದ್ಧ ಮಾಡಿಸಿದ್ದರು. ಸರಿತಾ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಶುರುವಾಗುವ ಹೊತ್ತಿಗೆ ಹಾಜಿಮಲಂಗ್ ಮಾಸ್ತರ ಇಬ್ಬರನ್ನು ಕರೆದುಕೊಂಡು ಬಂದು ಹಿಂದಿನ ಕುರ್ಚಿಯಲ್ಲಿ ಕೂರಿಸಿ, ತಮ್ಮ ಶಾಲೆಗೆ ಹೊತ್ತಾಯಿತೆಂದು ಹೋದರು. ಒಬ್ಬ ಗಂಡಸು, ಒಬ್ಬಳು ಹೆಂಗಸು. ಇಬ್ಬರಿಗೂ ಮೂವತ್ತೈದು ದಾಟಿರಲಿಕ್ಕಿಲ್ಲ. ಗಂಡಸಿನ ಮಡಿಲಲ್ಲಿ ಟವೆಲಿನಲ್ಲಿ ಸುತ್ತಿದ ಫೋಟೊ.

ಕಾಶೀನಾಥರು ರಮೇಶಕುಮಾರನ ಕಿವಿಯಲ್ಲಿ, "ಅವರೇ ನೋಡು. ಆತನ ಹೆಸರ ಅಂಬಾರಾಯ" ಎಂದರು.

ಅಂಬಾರಾಯ ಎಂದರೆ ಗಂಡನ ಹೆಸರಲ್ಲವೇ? ಎಂಬತ್ತೊಂದರ ಹೆಂಗಸಿಗೆ ಈ ಪ್ರಾಯದ ಗಂಡ? ರಮೇಶಕುಮಾರ ಮೇಜಿನ ಅಂಚು ಹಿಡಿದ. ಮರುಕ್ಷಣ ತನ್ನ ದಡ್ಡತನಕ್ಕೆ ತಾನೇ ನಾಚಿದ. ಮೊಮ್ಮಗ! ತೀರಿಹೋದ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಈ ಕಡೆ ಮನೆಮನೆಯಲ್ಲೂ ಇದ್ದದ್ದೇ. ತನ್ನ ಸ್ವಂತ ಅಣ್ಣನಿಗೂ ಅಜ್ಜನ ಹೆಸರೇ. ಮಗನಿಗಿಂತ ಮೊಮ್ಮಗ ಇನ್ನೂ ಒಳ್ಳೆಯದಾಯಿತು. ಅಜ್ಜಿಯ ಹಾಡು ಮೊಮ್ಮಗನಿಗೆ ಏನು ನೆನಪಿರುತ್ತದೆ?

ಲುಂಬಿನಿ ಮೇಡಂ ಗಟ್ಟಿ ದನಿಯವರು, ಸುತ್ತುಬಳಸಿ ಮಾತಾಡುವವರಲ್ಲ. ಮೊದಲು ಗ್ರಂಥಋಣ ಹಿಡಿದು ಒಂದೊಂದನ್ನೇ ಕೇಳಿದರು. ಯಾವ ಮುದ್ರಣ, ಯಾವ ಪುಟ, ಆ ಪುಟದಲ್ಲಿ ಲೇಖಕರು ಹೇಳಿದ್ದೇನು. ಅವನು ತಪ್ಪದೆ ಹೇಳಿದ. ಧ್ವನಿಮುದ್ರಣದ ಪ್ರಶ್ನೆ ಬಂತು, ಪೀಠಿಕೆಯ ಉತ್ತರ ಕೊಟ್ಟ. ಆಕೆ ತಲೆಯಾಡಿಸಿದರು. ಆಮೇಲೆ ಅನಸುಬಾಯಿಯ ಅಧ್ಯಾಯ ತೆರೆದು, ಕನ್ನಡಕ ತೆಗೆದಿಟ್ಟು, ಕಲ್ಲ ಒಡೆಯುವ ಹಾಡನ್ನು ರಾಗ ಮಾಡಿ ಓದಿದರು. ಹಿಂದಿನ ಸಾಲಿನ ಹೆಂಗಸು ತನ್ನ ಎರಡೂ ಅಂಗೈ ಬಿಚ್ಚಿ ನೋಡಿಕೊಂಡಳು. ಸೆರಗು ಬಾಯಿಗೆ ಹೋಯಿತು.

"ಈ ಹೆಣಮಗಳನ್ನ ನೀವ್ ಎಲ್ಲಿ ಕಂಡ್ರಿ? ಹ್ಯಾಂಗ ಇದ್ರು? ಪುಸ್ತಕದ ಮಾತ ಬ್ಯಾಡ, ಕಂಡಂಗ ಹೇಳ್ರಿ," ಎಂದರು ಲುಂಬಿನಿ ಮೇಡಂ.

ಇದಕ್ಕಾಗಿಯೇ ಅವನು ಕನ್ನಡಿಯ ಮುಂದೆ ನಿಂತದ್ದು. ಹಿಂದಿನ ಸಾಲನ್ನು ಓರೆಗಣ್ಣಿನಿಂದ ನೋಡುತ್ತ ಶುರುಮಾಡಿದ.

"ಖಣಿ ಬಾಜೂಕ ಒಂದು ಬೇವಿನ ಗಿಡ ಅದರಿ ಮೇಡಂ. ಮನಿಯಾಗ ನೋಡ್ಕೊಳ್ಳೋರು ಯಾರೂ ಇಲ್ಲ, ಅದಕ್ಕ ಕೆಲಸಕ್ಕ ಬರೋವಾಗ ಅನಸವ್ವನ್ನ ಎತ್ಕೊಂಡ ಬಂದು ಆ ನೆರಳಾಗ ಮಲಗಿಸಿ ಹೋಗ್ತಿದ್ರು. ತಾನಾಗೇ ಎದ್ದು ನಡಿಯಾಕ ಆಗ್ತಿದ್ದಿಲ್ಲ. ಬಾಯಾಗ ಒಂದ ಹಲ್ಲ ಇದ್ದಿಲ್ಲ. ಗಂಜಿ ಬಿಟ್ರ ಏನೂ ನುಂಗ್ತಿದ್ದಿಲ್ಲ. ಆದ್ರ ನಕ್ಕಳಂದ್ರ, ಕೆಲಸದ ಹೆಣ್ಮಕ್ಕಳು ಕೈಯಾಗಿನ ಕಲ್ಲ ಕೆಳಗಿಟ್ಟು ಬಂದು ನೋಡ್ತಿದ್ರು. ನಾ ಆ ದಾರಿಗುಂಟ ಹೋಗೋವಾಗ ಕಂಡೆ. ಮನಿಯವ್ರಿಗೆ ಗೊತ್ತೂ ಇಲ್ಲ. ಆ ಮುಖ ಇನ್ನಾ ನನ್ನ ಕಣ್ಣಾಗ ಅದರಿ."

ಹೇಳಿ ಮುಗಿಸಿ ಉಸಿರು ಬಿಗಿಹಿಡಿದ. ತಕರಾರು ಬರುವುದಿದ್ದರೆ ಈಗಲೇ ಬರಬೇಕು. ಹಿಂದಿನ ಸಾಲಿನಲ್ಲಿ ಹೆಂಗಸು ಎದ್ದು ನಿಂತಳು. ಆಕೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಹೌದ್ರಿ," ಎಂದಳು. "ಖರೇನೇ ಹಂಗೇ ಇದ್ಲರಿ. ಅದೇ ಬೇವಿನ ಗಿಡರಿ. ನಕ್ಕಳಂದ್ರ ಎಲ್ಲಾರೂ ಬಂದ ನೋಡ್ತಿದ್ರು. ಗಂಜಿನೇ ಕುಡೀತಿದ್ಲು. ಈ ಸರ್ ಹೇಳೋದು ಒಂದೂ ಸುಳ್ಳಲ್ಲರಿ."

ಸಭಾಂಗಣದಲ್ಲಿ ಎಲ್ಲರ ಕಣ್ಣೂ ಒದ್ದೆಯಾಯಿತು. ರಮೇಶಕುಮಾರ ಇಷ್ಟು ತಿಂಗಳಿಂದ ಬಿಗಿಹಿಡಿದ ಉಸಿರನ್ನು ಪೂರ್ತಿ ಹೊರಗೆ ಬಿಟ್ಟ. ತಾನು ಕಟ್ಟಿದ ಸುಳ್ಳಿಗೆ ಅನಸುಬಾಯಿಯ ಮನೆಯವರೇ ಸಾಕ್ಷಿ ನುಡಿದಿದ್ದರು. ಇನ್ನು ಯಾವ ಪರೀಕ್ಷಕ, ಯಾವ ವಿಶ್ವವಿದ್ಯಾಲಯ, ಯಾವ ಊರಿನವರು ಏನು ಮಾಡಿಯಾರು? ಲುಂಬಿನಿ ಮೇಡಂ ಕಾಶೀನಾಥರ ಕಡೆ ನೋಡಿ, ತಮ್ಮ ಕಡೆಯಿಂದ ಪದವಿಗೆ ಶಿಫಾರಸು ಎಂದರು, ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದರು. ಮೊದಲು ಆ ತಾಯಿಗೆ ಹಾರ ಹಾಕೋಣ, ಆಮೇಲೆ ಸಹಿ ಎಂದು ಪೆನ್ನು ಕೆಳಗಿಟ್ಟು ಎದ್ದರು. ಸರಿತಾ ಗಂಡನ ಕಡೆ ನೋಡಿ ನಕ್ಕಳು. ಅವನೂ ನಕ್ಕ, ಎಷ್ಟೋ ದಿನಗಳ ಮೇಲೆ.

ಅಂಬಾರಾಯ ಮುಂದೆ ಬಂದು ಟವೆಲು ಬಿಚ್ಚಿ ಫೋಟೊವನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿದ. ಹಾರ ಹಿಡಿದ ಲುಂಬಿನಿ ಮೇಡಂ ಅಲ್ಲೇ ನಿಂತರು. ಫೋಟೊದಲ್ಲಿ ಕುಲಾವಿ ಹಾಕಿದ ಒಂದು ಕೂಸಿತ್ತು, ಕೆನ್ನೆಗೆ ದೃಷ್ಟಿಬೊಟ್ಟು, ಹಲ್ಲಿಲ್ಲದ ಬಾಯಿ ತೆರೆದ ನಗೆ. "ನಮ್ಮ ಮಗಳ್ರಿ, ಅನಸುಬಾಯಿ," ಎಂದ ಅಂಬಾರಾಯ, "ನಮ್ಮವ್ವ ಸತ್ತ ಮ್ಯಾಲ ಹುಟ್ಟಿದ್ಲು, ಅದಕ್ಕ ಅವ್ವನ ಹೆಸರೇ ಇಟ್ಟಿದ್ದೆವ್ರಿ." ಅವನ ಹೆಂಡತಿ ಎಲ್ಲರನ್ನೂ ದಾಟಿ ಬಂದು ರಮೇಶಕುಮಾರನ ಎದುರಿಗೆ ನಿಂತು, ಕಲ್ಲು ಹೊತ್ತು ಒರಟಾದ ಎರಡೂ ಕೈ ಜೋಡಿಸಿದಳು. "ವರ್ಷ ತುಂಬಿದ್ದಿಲ್ಲರಿ ಸರ್, ಮಾತ ಸುದ್ದಾ ಬಂದಿದ್ದಿಲ್ಲ. ನಾ ಒಬ್ಬಾಕೀನೇ ನೆನಸ್ತೀನಿ ಅಂದಕೊಂಡಿದ್ದೆ. ದಾರಿಗುಂಟ ಹೋಗೋವಾಗ ನಮ್ಮ ಕೂಸಿನ ನೋಡಿ ಇಷ್ಟ ಛಂದ ಹಾಡ ನೀವೇ ಬರದೀರಲ್ಲರಿ," ಎಂದಳು.